ಡ್ರಾಯಿಂಗ್ ಮೇಷ್ಟ್ರು ಕಟ್ಟಿಕೊಳ್ಳದ ವಾಚು

ಡ್ರಾಯಿಂಗ್ ಮೇಷ್ಟ್ರಿಗೆ ವಾಚಿನ ಹುಚ್ಚು ಯಾವಾಗ ಹಿಡಿಯಿತೋ ಅವರ ಹೆಂಡತಿಗೂ ಗೊತ್ತಿಲ್ಲ. ಸ್ವಂತಕ್ಕಿದ್ದದ್ದು ಅಪ್ಪ ಕೊಟ್ಟ ಒಂದೇ ವಾಚು. ಮಾತು ಮಾತ್ರ ಲೋಕದ ವಾಚುಗಳದ್ದೆಲ್ಲ. ಭಾನುವಾರ ಬೆಳಿಗ್ಗೆ ಕನ್ನಡಕದಂಗಡಿಯ ಒಳಕೋಣೆಯಲ್ಲಿ ಅವರಂಥ ನಾಲ್ಕೈದು ಹುಚ್ಚರು ಸೇರುತ್ತಿದ್ದರು. ಎನಾಮೆಲ್ ಡಯಲಿನ ಮಾತು ಬಂತೆಂದರೆ ಮೇಷ್ಟ್ರನ್ನು ಹಿಡಿಯುವವರೇ ಇಲ್ಲ. "ಅದು ಬಣ್ಣ ಅಲ್ಲ ಕಣ್ರೀ, ಗಾಜಿನ ಪುಡಿ. ಬೆಂಕೀಲಿ ಕರಗಿ ಕೂತಿರುತ್ತೆ. ತಲೆಮಾರು ಕಳೆದ್ರೂ ಮಾಸಲ್ಲ. ಕೆಳಗೆ ಬಿತ್ತೋ, ಕತೆ ಮುಗೀತು!"

ಕೇಳಿ ಕೇಳಿ ಕನ್ನಡಕದಂಗಡಿಯವರಿಗೂ ಆ ಹುಚ್ಚು ಅಂಟಿತು. ಒಂದು ಭಾನುವಾರ ಮಖಮಲ್ಲಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಎನಾಮೆಲ್ ಡಯಲಿನ ಹೊಸ ವಾಚು.

"ಹಾಲಿನ ಕೆನೆ ಇದ್ದ ಹಾಗಿದೆ!" ಎಂದರು ಹಲ್ಲಿನ ಡಾಕ್ಟರು.

"ಸದ್ಯ, ಹಲ್ಲು ನೆನಪಾಗ್ಲಿಲ್ವಲ್ಲ," ಎಂದು ಬ್ಯಾಂಕಿನವರು ಕಾಲೆಳೆದರು. ವಾಚನ್ನು ಓರೆ ಮಾಡಿದಾಗ ನೀಲಿ ಮುಳ್ಳುಗಳು ಕಪ್ಪಾಗಿ ಕಾಣುವುದನ್ನು ತೋರಿಸಿದರು. ಎಷ್ಟು ತೆಳು, ಅಂಗಿ ತೋಳಿನೊಳಗೆ ಹೇಗೆ ಜಾರುತ್ತೆ ನೋಡಿ ಎಂದರು. ತಾರೀಕಿಲ್ಲ ಎಂಬುದೊಂದೇ ಅವರ ದೂರು.

"ಅದಕ್ಕೊಂದು ಕಿಟಕಿ ಕೊರೆದ್ರೆ ಈ ಮುಖದ ಗತಿ ಏನ್ರೀ?" ಎಂದರು ಡಾಕ್ಟರು. ಎಲ್ಲರೂ ನಕ್ಕರು.

ಮೇಷ್ಟ್ರು ಮಾತ್ರ ಕೈಗಳನ್ನು ಜೇಬಿನಿಂದ ತೆಗೆದಿರಲಿಲ್ಲ. ಕೆಲವು ತಿಂಗಳಿಂದ ಎರಡೂ ಕೈ ನಡುಗುತ್ತಿದ್ದವು. ಕಣ್ಣು ಮುಚ್ಚಿ ನೇರ ಗೆರೆ ಎಳೆಯುತ್ತಿದ್ದವರ ಗೆರೆ ಈಗ ಡೊಂಕು. ಔಷಧಿಯಿಂದ ಒಂದಿಷ್ಟು ಹತೋಟಿಗೆ ಬರಬಹುದು, ವಾಸಿಯಾಗುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಇದು ಹೆಂಡತಿಗೆ ಬಿಟ್ಟರೆ ಯಾರಿಗೂ ತಿಳಿಯದು.

"ಮೇಷ್ಟ್ರೇ, ಮೊದಲು ನೀವು ಕಟ್ಕೊಳ್ಳಿ. ನಿಮಗೋಸ್ಕರ ನಾನೂ ಇನ್ನೂ ಕಟ್ಟಿಲ್ಲ," ಎಂದರು ಕನ್ನಡಕದಂಗಡಿಯವರು.

ಮೇಷ್ಟ್ರು ಡಯಲನ್ನೇ ನೋಡಿದರು. ಕೈಜಾರಿದರೆ?

"ಯಾಕೋ... ನನಗಷ್ಟು ಹಿಡಿಸ್ಲಿಲ್ಲ," ಎಂದುಬಿಟ್ಟರು.

ಗೆಳೆಯರ ಮುಖ ಸಪ್ಪಗಾಯಿತು. ಮೇಷ್ಟ್ರು ಏನೋ ನೆಪ ಹೇಳಿ ಎದ್ದರು. ಆಮೇಲೆ ಆ ಕಡೆ ತಲೆಯೇ ಹಾಕಲಿಲ್ಲ.

ಸ್ವಲ್ಪ ದಿನ ಕಾದು ಕನ್ನಡಕದಂಗಡಿಯವರೇ ಮನೆಗೆ ಬಂದರು. ಮೇಷ್ಟ್ರ ಹೆಂಡತಿ ಕಾಫಿ ತಂದುಕೊಟ್ಟರು. ಮೇಷ್ಟ್ರ ಕೈಯಲ್ಲಿ ಕಪ್ಪು-ಸಾಸರು ಕಟಕಟ ಎಂದವು, ಕಾಫಿ ಚೆಲ್ಲಿ ಪಂಚೆ ಒದ್ದೆಯಾಯಿತು.

"ಯಾವಾಗಿಂದ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ರಿ?"

ಕನ್ನಡಕದಂಗಡಿಯವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ತಮ್ಮ ಕೈಯಲ್ಲಿದ್ದ ಆ ಎನಾಮೆಲ್ ವಾಚು ಬಿಚ್ಚಿ ಮೇಷ್ಟ್ರಿಗೆ ತಾವೇ ಕಟ್ಟಿದರು. ಡಯಲಿನ ಮೇಲೆ ಬೆಳಕು ಅಲುಗಾಡುತ್ತಲೇ ಇತ್ತು. ಅವರು ಎರಡೂ ಕೈಯಿಂದ ಮೇಷ್ಟ್ರ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡರು. ವಾಚಿನ ಅಲುಗಾಟ ನಿಂತಿತು; ಅದರಾಚೆ ಬೆರಳುಗಳು ನಡುಗುತ್ತಲೇ ಇದ್ದವು. ಮೇಷ್ಟ್ರ ಕಣ್ಣು ಡಯಲಿನ ಮೇಲೆ ನಿಲ್ಲದೆ ಬೆರಳಿಗೇ ಹೋಯಿತು.

"ಚೆನ್ನಾಗಿದೆ. ಬಹಳ ಚೆನ್ನಾಗಿದೆ," ಎಂದರು. "ಬಿಚ್ಚಿಬಿಡಿ."

ಮುಂದಿನ ಭಾನುವಾರ ಹೆಂಡತಿಯೇ ಬಲವಂತ ಮಾಡಿ ಕಳಿಸಿದರು. ಒಳಕೋಣೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಎದ್ದು ನಿಂತು ಕುರ್ಚಿ ಕೊಟ್ಟರು. ಒಬ್ಬರು ಯಾವುದೋ ವ್ಯಾಯಾಮ ಹೇಳಿದರು, ಇನ್ನೊಬ್ಬರು ದೊಡ್ಡ ಡಾಕ್ಟರೊಬ್ಬರ ಹೆಸರು. ವಾಚಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ಎಲ್ಲದಕ್ಕೂ ಹೂಂ ಹೂಂ ಎನ್ನುತ್ತ ಕೂತರು.