ಆಯುಧ ಪೂಜೆಯ ದಿನದ ಹಾಜರಿ

ಶಿವಮೊಗ್ಗದ ರವೀಂದ್ರನಗರದ ರುದ್ರೇಶ್ ಜಗಳ ಕಂಡರೆ ದಾರಿ ಬಿಟ್ಟು ನಡೆಯುವ ಪುಕ್ಕಲ ಆಸಾಮಿ. ಭದ್ರಾವತಿಯ ಕಬ್ಬಿಣ ಎರಕ ಹೊಯ್ಯುವ ಒಂದು ಖಾಸಗಿ ಫೌಂಡ್ರಿಗೆ ಹಾಜರಿಯ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಟ್ಟವನು ಅವನೇ. ಗೇಟಿನಲ್ಲಿ ಕೆಲಸಗಾರ ಗುಮಾಸ್ತನಿಗೆ ತನ್ನ ನಂಬರು ಹೇಳಿದರೆ ಬಂದ ಹೊತ್ತು, ಹೋದ ಹೊತ್ತು ಎರಡೂ ಅದರಲ್ಲಿ ದಾಖಲಾಗುತ್ತಿದ್ದವು.

ಅದು ೧೯೯೮ರ ಆಯುಧ ಪೂಜೆ. ಅವತ್ತು ಯಂತ್ರಕ್ಕೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಎಲ್ಲರೂ ಮನೆಗೆ ಹೋಗುವುದು ವಾಡಿಕೆ. ಮಾಲೀಕ ಪರಮೇಶ್ವರಪ್ಪನಿಗೆ ಮಾತ್ರ ಆರ್ಡರಿನ ಅವಸರ. ಪೂಜೆಯಾದ ಮೇಲೆ ಗೇಟು ಹಾಕಿಸಿ, ಹದಿನಾಲ್ಕು ಜನರಿಂದ ಗುಟ್ಟಾಗಿ ಕುಲುಮೆ ಹಚ್ಚಿಸಿದ. ಮಧ್ಯಾಹ್ನ ಕರಗಿದ ಕಬ್ಬಿಣದ ತೊಟ್ಟಿ ಮಗುಚಿ ಅವರಲ್ಲೊಬ್ಬನಾದ ಮುರುಗೇಶಪ್ಪನ ಮೇಲೆ ಸುರಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಅರ್ಧ ಗಂಟೆ ಕಿರುಚಿ ಸತ್ತ.

ಮರುದಿನ ಕಾರ್ಖಾನೆಯ ಆಫೀಸಿಗೆ ಬರುವಂತೆ ರುದ್ರೇಶನಿಗೆ ಕರೆ ಬಂತು. ಸಾವಿನ ಸುದ್ದಿ ಅಷ್ಟರಲ್ಲಿ ಅವನ ಕಿವಿಗೂ ಬಿದ್ದಿತ್ತು.

"ನಿನ್ನೆ ಪೂಜೆ ಆದ್ಮೇಲೆ ಕಾರ್ಖಾನೆ ಬಂದ್ ಇತ್ತು ಅಂದ್ರೆ ಇಡೀ ಊರು ನಂಬುತ್ತೆ. ನಿನ್ನ ಕಂಪ್ಯೂಟರ್ ಒಂದೇ ಬೇರೆ ಹೇಳ್ತಿರೋದು. ಅಳಿಸಪ್ಪ," ಎಂದ ಪರಮೇಶ್ವರಪ್ಪ.

"ಆಗಲ್ಲ ಸಾರ್. ಮುರುಗೇಶಪ್ಪ ಇಲ್ಲೇ ಸತ್ತಿದ್ದು. ಅಳಿಸಿದ್ರೆ ಪರಿಹಾರ ಸಿಗದೆ ಅವನ ಹೆಂಡ್ತಿ ಮಕ್ಕಳ ಗತಿ ಏನು?"

"ಒಳ್ಳೆ ಮಾತಲ್ಲಿ ಹೇಳ್ತಿದೀನಿ ಮಾರಾಯ."

ರುದ್ರೇಶ್ ಆಗದೆಂದು ತಲೆಯಾಡಿಸಿದ. ಪಕ್ಕದಲ್ಲಿದ್ದ ಕಾರ್ಖಾನೆಯ ಮೇಸ್ತ್ರಿ ಬಾಗಿಲು ಹಾಕಿ, ಅವನ ಬಲಗೈಯನ್ನು ಕಬ್ಬಿಣದ ಮೇಜಿನ ಡ್ರಾಯರಿಗೆ ತುರುಕಿ ಡ್ರಾಯರನ್ನು ಒದ್ದ. ಅಳಿಸ್ತೀಯಾ ಎಂದು ಕೇಳಿದ. ಮತ್ತೆ ಒದ್ದ. ಮೂರು ಬೆರಳು ಮುರಿದವು, ಒಂದರ ಮೂಳೆ ಚರ್ಮ ಹರಿದು ಆಚೆ ಬಂತು. ಆದರೂ "ಆಗಲ್ಲ" ಅಂದ. ಆ ಪುಕ್ಕಲನಿಗೆ ಅಷ್ಟು ಹಟ ಎಲ್ಲಿಂದ ಬಂತೋ ದೇವರೇ ಬಲ್ಲ!

ಆಗ ಗುಮಾಸ್ತ ಬಂದು ಕೂತು, ಒಂದು ಗುಟ್ಟಿನ ಪದ ಒತ್ತಿ ಇಡೀ ದಿನವನ್ನು ಅಳಿಸಿದ. ಹಿಂದಿನ ವರ್ಷ ಪರಮೇಶ್ವರಪ್ಪ "ನನಗೊಂದು ಅಳಿಸೋ ದಾರಿ ಇಡು" ಅಂದಾಗ, ಯಾಕೆಂದು ಒಂದು ಮಾತು ಕೇಳದೆ ಇಟ್ಟುಕೊಟ್ಟವನು ರುದ್ರೇಶನೇ. ತನ್ನ ಕೈಯಾರೆ ಅಳಿಸಿದವನು ಮುಂದೆ ಸಾಕ್ಷಿ ಹೇಳಲಾರ ಎಂದೇ ಮಾಲೀಕ ಅವನನ್ನು ಕರೆಸಿದ್ದು. ನೆಲದಲ್ಲಿ ಬಿದ್ದುಕೊಂಡೇ ಅವನು ಅದನ್ನು ನೋಡಿದ.

ಮುರುಗೇಶಪ್ಪನ ಹೆಂಡತಿ ಈಶ್ವರಮ್ಮ ರುದ್ರೇಶ್ ಮಲಗಿದ್ದ ಶಿವಮೊಗ್ಗದ ಆಸ್ಪತ್ರೆಗೆ ಬಂದಳು.

"ನಮ್ಮನೆಯೋರು ಕುಡಿದು ಎಲ್ಲೋ ಬೆಂಕಿಗೆ ಬಿದ್ರು ಅಂತಾರೆ, ಸಾರ್."

"ಸುಳ್ಳು ಕಣಮ್ಮ. ಒಳಗಿದ್ರು. ಅಳಿಸೋ ದಾರಿ ಮಾಡಿಕೊಟ್ಟಿದ್ದು ನಾನೇ. ಅವತ್ತು ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಈಶ್ವರಮ್ಮ ಸಮಾಧಾನ ಹೇಳಲಿಲ್ಲ. "ಈಗ ಬಂದಿದೆಯಲ್ಲ. ಕೋರ್ಟಿಗೆ ಬನ್ನಿ," ಎಂದಳು.

ಈಶ್ವರಮ್ಮನ ಪರಿಹಾರದ ಕೇಸಿನಲ್ಲಿ ಉಳಿದ ಹದಿಮೂರು ಜನ ಕೆಲಸಗಾರರು ಮಾಲೀಕನಿಗೆ ಹೆದರಿ, ಕಾರ್ಖಾನೆ ಬಂದ್ ಇತ್ತು ಎಂದು ಬರೆದುಕೊಟ್ಟಿದ್ದರು. ರುದ್ರೇಶ್ ಕಟಕಟೆ ಹತ್ತಿ, ಸೊಟ್ಟಗಾದ ಕೈಯಲ್ಲಿ ಕಂಬಿ ಹಿಡಿದ.

"ಅವತ್ತಿನ ಹಾಜರಿ ಅಳಿಸಿದ್ದು ಗುಮಾಸ್ತ. ಅಳಿಸೋಕಾಗೋ ಹಾಗೆ ಮಾಡಿದ ತಪ್ಪು ನಂದು. ಅದನ್ನೂ ಬರ್ಕೊಳ್ಳಿ ಸ್ವಾಮಿ."

ಆಮೇಲೆ ಹಿಂದಿನ ಬೆಂಚಿನಿಂದ ಆ ಹದಿಮೂರು ಜನರಲ್ಲೊಬ್ಬನಾದ ಶಿವಶಂಕರಪ್ಪ ಎದ್ದು ನಿಂತ.

"ನಾನೂ ಒಳಗಿದ್ದೆ ಸ್ವಾಮಿ. ಮುರುಗೇಶಪ್ಪನ್ನ ಎತ್ತಿದ್ದು ನಾನೇ."