ಹಿಟ್ಟಿನ ಗಿರಣಿಯ ಮೇಲೆ ಓಡಾಡುವ ಗೆರೆಗಳು

ಮೂರನೆಯ ಮೇಜು ಒರೆಸುವಷ್ಟರಲ್ಲಿ ಅಬೀದಾ ಅವರ ಕೈಯಲ್ಲಿನ ಒದ್ದೆ ಬಟ್ಟೆ ಬೆಳ್ಳಗಾಗಿದೆ. ಇನ್ನೂ ಮುಂಜಾನೆ ಆರು ಗಂಟೆ. ಕೇಶ್ವಾಪುರದ ಈ ಅನಿಮೇಶನ್ ಸ್ಟುಡಿಯೋ ಕೋಣೆಯ ಕೆಳಗೆ ಹಿಟ್ಟಿನ ಗಿರಣಿ. ನಿನ್ನೆಯ ಜೋಳದ ಹಿಟ್ಟು ಕಂಪ್ಯೂಟರಿನ ಮೇಲೂ ಕಾಗದದ ಮೇಲೂ ಕೂತಿರುತ್ತದೆ. ಗಿರಣಿ ಶುರುವಾಗುವ ಮೊದಲೇ ಒರೆಸಿ ಮುಗಿಸಬೇಕು. "ಬಾಡಿಗಿ ಕಡಿಮಿ ಅಂತ ಬಂದ್ವಿರಿ. ಈಗ ಹಿಟ್ಟೂ ನಮ್ಮ ಸ್ಟುಡಿಯೋದಾಗ ನೌಕರಿಗಿ ಸೇರೇತಿ" ಎಂದು ನಗುತ್ತಾರೆ.

ನಗುವಿನ ಹಿಂದೆ ಚಿಂತೆಯಿದೆ. ಮುಂಬೈ ಕಂಪನಿಯೊಂದು ಮಕ್ಕಳ ಆರು ಕಥೆಗಳನ್ನು ಅನಿಮೇಶನ್ ಮಾಡಲು ಕೊಡುತ್ತೇನೆಂದಿದೆ. ಆದರೆ ಒಪ್ಪಿಗೆ ಪತ್ರದಲ್ಲಿ ಸ್ಟುಡಿಯೋದವರ ಪೈಕಿ ಪದವಿ ಪಡೆದವರ ಹೆಸರಷ್ಟೇ ಇರಬೇಕಂತೆ. ಒಂದು ತಿಂಗಳಿಂದ ಅಬೀದಾ ಆ ಪತ್ರವನ್ನು ಬರೆದು, ಹರಿದು, ಮತ್ತೆ ಬರೆದಿದ್ದಾರೆ. ಕಳಿಸಲು ಇಂದೇ ಕೊನೆಯ ದಿನ.

ನಲವತ್ತಮೂರರ ಅಬೀದಾ ಧಾರವಾಡದ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಚಿತ್ರಕಲೆ ಕಲಿಸಿದವರು. ವಾರಕ್ಕೊಂದೇ ತಾಸಿದ್ದ ಆ ತರಗತಿಯೂ ಗಣಿತದ ಪಾಲಾದಾಗ ಹೊರಬಿದ್ದು ಸ್ಟುಡಿಯೋ ಕಟ್ಟಲು ನಿಂತರು. ಜನರನ್ನು ಆರಿಸುವ ರೀತಿ ಅವರದೇ. ಬಂದವರು ಹಳೇ ಬಸ್ ನಿಲ್ದಾಣದಲ್ಲಿ ಯಾರನ್ನಾದರೂ ಹತ್ತು ನಿಮಿಷ ನೋಡಿ, ಅವರು ಬಸ್ ಹತ್ತಿದ ಬಗೆ ಮಾಡಿ ತೋರಿಸಬೇಕು. ಪುಣೆಯಲ್ಲಿ ಅನಿಮೇಶನ್ ಪದವಿ ಪಡೆದ ಮಿಲಿಂದ ಹಾಗೆ ಸೇರಿದ. ಲಾರಿಗಳ ಹಿಂದೆ ನವಿಲು ಬರೆಯುತ್ತಿದ್ದ ಬಾಬುಸಾಬ ಕಾಕಾ ಬಣ್ಣಕ್ಕೆ ಬಂದರು.

ಕಾಳವ್ವ ಮಾತ್ರ ತಾವಾಗಿಯೇ ಬಂದವರು. ರೊಟ್ಟಿ ಬಡಿದು ಮಾರುವ ಅರವತ್ತರ ಹೆಂಗಸು, ಜೋಳ ಬೀಸಲು ಕೊಟ್ಟು, ಪಾಳಿ ಬರುವತನಕ ಮೇಲೆ ಸ್ಟುಡಿಯೋದಲ್ಲಿ ಕೂತಿದ್ದರು. ಪರದೆಯ ಮೇಲೆ ಮಿಲಿಂದ ಬರೆದ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು.

"ಏ ತಮ್ಮಾ, ನಿಮ್ಮಜ್ಜಿ ರೊಟ್ಟಿ ಬಡ್ಯಾಕತ್ತಾಳೋ, ನೊಣಾ ಹೊಡ್ಯಾಕತ್ತಾಳೋ? ರೊಟ್ಟಿ ತಿರಗವಲ್ದಲ್ಲೋ!"

ಒಂದು ಕೈ ಬಡಿಯುವಾಗ ಇನ್ನೊಂದು ಕೈ ರೊಟ್ಟಿಯನ್ನು ತುಸುತುಸು ತಿರುಗಿಸಬೇಕು. ದಿನಾ ರೊಟ್ಟಿ ತಿನ್ನುವ ಮಿಲಿಂದ ಅದನ್ನು ನೋಡಿರಲೇ ಇಲ್ಲ! ಅಂದಿನಿಂದ ಮಧ್ಯಾಹ್ನ ಎರಡರಿಂದ ಐದರವರೆಗೆ ಸ್ಟುಡಿಯೋದಲ್ಲಿ ಕಾಳವ್ವನ ಕೆಲಸದ ಹೊತ್ತು. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕು. ಎಲ್ಲರೂ ದುಡಿದರೆ ದಿನಕ್ಕೆ ಆರು ಸೆಕೆಂಡು. ಕೊಡ ಹೊತ್ತವಳ ಸೊಂಟವಿರಲಿ, ಒರಳಿನ ಮುಂದೆ ಕೂತವಳ ಭುಜವಿರಲಿ, ಕಾಳವ್ವ ಹೂಂ ಅನ್ನದೆ ಮುಂದೆ ಹೋಗುವುದಿಲ್ಲ.

"ಮೇಡಂ, ಡಿಗ್ರಿ ಇರೂ ನಮ್ಮಿಬ್ಬರ ಹೆಸರು ಬರದು ಕಳಸ್ರಿ. ಕೆಲಸಂತೂ ಎಲ್ಲಾರೂ ಕೂಡೇ ಮಾಡ್ತೀವಲ್ಲ" ಎಂದು ಮಿಲಿಂದ ಮೊದಲು ಹೇಳಿದ್ದುಂಟು.

"ದುಡ್ಯಾಕ ಒಳಗ ಕರದು ಹೆಸರು ಹೊರಗಿಡೂದು ನನಗ ಆಗೂದಿಲ್ಲಪಾ" ಎಂದಿದ್ದರು ಅಬೀದಾ.

"ಡಿಗ್ರಿ ಕೇಳಿ ಬಣ್ಣ ಹತ್ತತೈತೇನ?" ಎಂದು ಬಾಬುಸಾಬ ಕಾಕಾ ಗೊಣಗಿದ್ದರು.

ಈ ಕೆಲಸ ತಪ್ಪಿದರೆ ಮೂರು ತಿಂಗಳಲ್ಲಿ ಕೋಣೆ ಬಿಡಬೇಕು. ಅದು ನಾಲ್ವರಿಗೂ ಗೊತ್ತು.

ಮಧ್ಯಾಹ್ನ ಅಬೀದಾ ಹೊಸ ಹಾಳೆ ತೆಗೆಯುತ್ತಾರೆ. "ಕಾಳಕ್ಕಾ, ಏನ್ ಕಲ್ತೀರಿ ಅಂತ ಬರೀಲಿ?"

"ಸಾಲಿ ಮೆಟ್ಲ ಹತ್ತಿಲ್ಲ ಅಂತ ಬರಿಯವ್ವಾ, ಖರೇನ ಬರಿ. ನಲವತ್ತು ವರ್ಷ ಕೈ ನಿಂತಿಲ್ಲ ಅಂತನೂ ಬರಿ."

ಮಿಲಿಂದ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. "ಕಾಳವ್ವ ಆಯಿ ಹೆಸರು ಮ್ಯಾಲ ಬರೀರಿ ಮೇಡಂ. ದಿನಾ ನನ್ನ ಗೆರಿ ತಿದ್ದಾಕಿ ಆಕಿ. ನಂದು ಕೆಳಗಿರ್ಲಿ."

ಅಬೀದಾ ಹಾಗೆಯೇ ಬರೆದು, ಕೊನೆಗೆ ಒಂದು ಸಾಲು ಸೇರಿಸುತ್ತಾರೆ: "ಇದು ನಾಲ್ವರ ಸ್ಟುಡಿಯೋ. ಒಂದು ಹೆಸರು ಬಿಡುವುದಾದರೆ ನಾಲ್ಕೂ ಹೆಸರು ಬಿಡಿ." ಅವರು ಅಂಚೆ ಕಚೇರಿ ತಲುಪಿದಾಗ ಕಿಟಕಿ ಮುಚ್ಚಲು ಹತ್ತು ನಿಮಿಷವಿದೆ. ಗುಮಾಸ್ತ ಲಕೋಟೆಗೆ ಚೀಟಿ ಅಂಟಿಸಿ, ಹಿಂದಿದ್ದ ಚೀಲಕ್ಕೆ ಹಾಕುತ್ತಾನೆ.