ನಿಲ್ಲಿಸುವ ಮುಂಚೆ ಹೇಳಬೇಕಾದ ಕಾರು

ನಮ್ಮಪ್ಪನ ಹಳೆಯ ಕಾರು ಎರಡು ಎಣ್ಣೆಯಲ್ಲಿ ಓಡುತ್ತಿತ್ತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುತ್ತಿತ್ತು. ತೋಟದಲ್ಲಿ ನೀರೆತ್ತುವ ಎಂಜಿನ್ ಹೀಗೆ ಓಡುವುದನ್ನು ನೋಡಿ, ಕಾರಿಗೂ ಆ ಭಾಗ್ಯವನ್ನು ಅಪ್ಪನೇ ಕರುಣಿಸಿದ್ದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತಮಿಳುನಾಡಿನ ನಮ್ಮೂರು ಹನುಮಂತನಪಟ್ಟಿಯಲ್ಲಿ ಕೈಲಾದವರು ಹೊಸ ಕಾರು ಕೊಳ್ಳುತ್ತಿದ್ದರು. ಅಪ್ಪ ದ್ರಾಕ್ಷಿಗೆ ಔಷಧಿ ಹೊಡೆದು ಬಂದು, ಚೆನ್ನಾಗಿ ಕೈ ತೊಳೆದು, ಮತ್ತೆ ಕೈ ಕೊಳೆ ಮಾಡಿಕೊಳ್ಳಲು ಕಾರಿನಡಿ ಮಲಗುತ್ತಿದ್ದರು. ಅವರಿಗೆ ಬೇರೆ ಹವ್ಯಾಸ ಇರಲಿಲ್ಲ. ಇದೊಂದೇ ನಮಗೆಲ್ಲ ಸಾಕಾಗಿ ಹೋಗಿತ್ತು.

ಆ ಕಾರಿಗೊಂದು ನಿಯಮವಿತ್ತು. ನಿಲ್ಲಿಸಬೇಕಾದರೆ ಅರ್ಧ ಮೈಲಿ ಇರುವಾಗಲೇ ಡ್ಯಾಶ್‌ಬೋರ್ಡಿನ ಕೆಳಗಿನ ಹಿತ್ತಾಳೆ ತಿರುಪನ್ನು ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಒಮ್ಮೆ ಆರಿದ ಎಂಜಿನ್ ಮತ್ತೆ ಏಳುತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಥಟ್ಟನೆ ಇಳಿಯುವ ಹಕ್ಕಿರಲಿಲ್ಲ. ವಾಂತಿ ಬರುವವರೂ ಮುಂಚಿತವಾಗಿ ತಿಳಿಸಬೇಕಿತ್ತು. ಸ್ಟಿಯರಿಂಗ್ ನನ್ನ ಕೈಯಲ್ಲಿ, ತಿರುಪು ಎಡಗಡೆ ಕೂರುವ ಅಪ್ಪನ ಕೈಯಲ್ಲಿ.

ಅಪ್ಪನ ಒಬ್ಬಳೇ ತಂಗಿಯನ್ನು ಮಾರ್ಕಯನ್‌ಕೋಟ್ಟೈಗೆ ಕೊಟ್ಟಿತ್ತು. ಏಳು ವರ್ಷದ ಹಿಂದೆ ಆ ಅತ್ತೆ ತಮ್ಮ ಮಗಳಿಗೆ ಕಿವಿ ಚುಚ್ಚಿಸಿದರು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಸೋದರಮಾವನಾದ ನಮ್ಮಪ್ಪ ಚಿನ್ನಮನೂರಿನಾಚೆ ಗದ್ದೆಗಳ ನಡುವೆ ಕೂತಿದ್ದರು. ಎತ್ತು ಅಡ್ಡ ಬಂದು, ಎಂಜಿನ್ ಆರಿ, ತಿರುಪು ಸೀಮೆಎಣ್ಣೆಯಲ್ಲೇ ಉಳಿದಿತ್ತು. ನಾವು ತಲುಪುವಷ್ಟರಲ್ಲಿ ಮುಹೂರ್ತ ಮೀರುತ್ತದೆಂದು ಮಗುವನ್ನು ಬೇರೊಬ್ಬರ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿ ಆಗಿತ್ತು. ಅಪ್ಪ ಊಟ ಮಾಡದೆ ಹೊರಟುಬಂದರು. ತಪ್ಪು ಕಾರಿನದೆಂದು ಊರಿಗೆಲ್ಲ ಗೊತ್ತಿತ್ತು. ಅಪ್ಪ ಮಾತು ಬಿಟ್ಟದ್ದು ತಂಗಿಯ ಜೊತೆ.

ಕಾರಿನ ಹಳೆಯ ಸಾಮಾನು ಹುಡುಕಲು ದಿಂಡಿಗಲ್ಲಿಗೋ ಬೋಡಿಗೋ ಹೋಗಬೇಕಿತ್ತು. ಬೋಡಿಗೆ ಹೋಗುವಾಗಲೆಲ್ಲ ಅತ್ತೆಯ ಮನೆ ಮುಂದೆಯೇ ದಾರಿ. ಕಾರು ತೇಣಿಯಲ್ಲಿ ನಿಂತಿದೆ, ಉತ್ತಮಪಾಳ್ಯದಲ್ಲಿ ನಿಂತಿದೆ, ಬೋಡಿಮೆಟ್ಟಿನ ತಿರುವಿನಲ್ಲಿ ಬಸ್ಸುಗಳನ್ನೂ ನಿಲ್ಲಿಸಿಕೊಂಡು ನಿಂತಿದೆ. ಅತ್ತೆಯ ಮನೆಯ ಹಸಿರು ಬಾಗಿಲಿನ ಮುಂದೆ ಮಾತ್ರ ಒಮ್ಮೆಯೂ ನಿಂತಿಲ್ಲ.

“ಊರೂರಲ್ಲೂ ನಿಲ್ತದೆ ಈ ಮುಂಡೇದು. ಅವ್ಳ ಮನೆ ಮುಂದ್ ಒಂದ್ ದಿನ ನಿಲ್ಬಾರ್ದಾ? ಅದೇ ಸಾಕ್ಕು ಅಂತ ಒಳಗ್ ಹೋಗ್ಬೋದಲ್ಲ!” ಎಂದು ಅವ್ವ ಗೊಣಗುತ್ತಿದ್ದಳು. ‘ನೆಪ’ ಎನ್ನಲು ನಮ್ಮ ಮನೆಮಾತಿನಲ್ಲಿ ತಮಿಳಿನ ‘ಸಾಕ್ಕು’ ಎಂಬುದೇ ಗತಿ.

ನನಗೆ ಅತ್ತೆಯೆಂದರೆ ಪ್ರಾಣ. ಏಳು ವರ್ಷ ಆ ಬಾಗಿಲನ್ನು ಕಾರಿನೊಳಗಿಂದಲೇ ನೋಡಿದ್ದೆ. ಒಮ್ಮೆ ಅಲ್ಲಿ ಎಂಜಿನ್ ಆರಲೆಂದು ಬೇಕೆಂದೇ ಕ್ಲಚ್ ಒರಟಾಗಿ ಬಿಟ್ಟೆ. ಎಂಜಿನ್ ಎರಡು ಸಲ ಕೆಮ್ಮಿ ಮುಂದೆ ಹೋಯಿತು. “ನೋಡ್ದಾ, ಎಂಗೈತೆ ಬಂಡಿ!” ಎಂದು ಅಪ್ಪ ಹಿಗ್ಗಿದರು.

ಒಂದು ಸಂಜೆ ಚಿನ್ನಮನೂರಿನಿಂದ ಬಂದ ಪಕ್ಕದ ಮನೆಯವರು ಸುದ್ದಿ ತಂದರು. ಅತ್ತೆಯ ಮಗಳು ಮೈನೆರೆದಿದ್ದಾಳೆ, ನಾಳೆ ಗುಡಿಸಲು ಕಟ್ಟುತ್ತಾರೆ. ಹಸಿ ತೆಂಗಿನ ಗರಿಯಿಂದ ಆ ಗುಡಿಸಲು ಕಟ್ಟಿ ಹುಡುಗಿಯನ್ನು ಒಳಗೆ ಕೂರಿಸಬೇಕಾದವನು ಸೋದರಮಾವ. ಅತ್ತೆ ಹೇಳಿ ಕಳಿಸಿರಲಿಲ್ಲ. ಇದನ್ನೂ ಬೇರೊಬ್ಬರು ಕಟ್ಟಿದರೆ ಎರಡು ಮನೆಗಳ ನಡುವೆ ಇನ್ನು ಹೋಗಿ ಬರುವುದು ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅಪ್ಪ ಊಟ ಮುಗಿಸಿ, “ನಾಳೆ ಬೋಡಿಗೆ ಹೋಗ್ಬೇಕು. ವಾಷರ್ ಇಲ್ಲ,” ಎಂದರು. ವಾಷರ್ ಡಬ್ಬಿಯ ತುಂಬ ಇತ್ತು. ಅವ್ವ ಡಬ್ಬಿಯನ್ನು ಮೆಲ್ಲಗೆ ಅಟ್ಟಕ್ಕೆ ಹಾಕಿದಳು.

ಮರುದಿನ ಚಿನ್ನಮನೂರು ದಾಟುವವರೆಗೆ ಅಪ್ಪ ಎಂಜಿನ್ನಿನ ಸದ್ದಿನ ಬಗ್ಗೆಯೇ ಮಾತಾಡಿದರು. ಮಾರ್ಕಯನ್‌ಕೋಟ್ಟೈಗೆ ಅರ್ಧ ಮೈಲಿ ಇದೆ ಎನ್ನುವಾಗ ಅವರ ಕೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು. ತಿರುಪು ಪೆಟ್ರೋಲಿಗೆ ತಿರುಗಿತು. ಏನಾದರೂ ಕೇಳಿದರೆ ಎಲ್ಲಿ ವಾಪಸ್ ತಿರುಗಿಸಿಬಿಡುತ್ತಾರೋ ಎಂದು ನಾನು ರಸ್ತೆಯನ್ನೇ ನೋಡುತ್ತ ಓಡಿಸಿದೆ.

ಹಸಿರು ಬಾಗಿಲಿನ ಮುಂದೆ ನಿಲ್ಲಿಸಿದೆ. ಅತ್ತೆ ಅರಿಸಿನದ ಕೈಯಲ್ಲೇ ಹೊರಗೆ ಬಂದರು. ಕೂದಲು ಅರ್ಧ ನರೆತಿತ್ತು. ಅಣ್ಣನ ಮುಖ ನೋಡಲಾರದೆ ಕಾರನ್ನು ನೋಡಿದರು.

“ಬಂಡಿ ಕೆಟ್ಟೋಯ್ತಾಣ್ಣಾ?”

ಅಪ್ಪ ಹೂಂ ಎಂದಿದ್ದರೆ ಆಗುತ್ತಿತ್ತು, ಇಬ್ಬರ ಮಾನವೂ ಉಳಿಯುತ್ತಿತ್ತು. ಅವರು ಇಳಿದು, ಟವಲನ್ನು ಸೊಂಟಕ್ಕೆ ಬಿಗಿದುಕೊಂಡರು.

“ಇಲ್ಲಮ್ಮ. ನಾನೇ ನಿಲ್ಸ್ದೆ. ಗರಿ ಎಲ್ಲೈತೆ?”

“ಹಿತ್ಲಲ್ಲೈತೆ,” ಎಂದರು ಅತ್ತೆ. “ಬೆಳಗ್ಗಿಂದ ಯಾರ್ನೂ ಮುಟ್ಟಕ್ ಬಿಟ್ಟಿಲ್ಲ.”